ನಾಲ್ಕು ಮೂಲೆ, ನಡುವೆ ಒಂದು ಬೊಟ್ಟು

ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಆ ದಿನ ಸಿಕ್ಕ ಒಳ್ಳೆಯದನ್ನು ಬೆರಳಿನಲ್ಲಿ ಎಣಿಸುವುದು ನನಗೆ ಮೊದಲಿನಿಂದಲೂ ರೂಢಿ. ಹಾಲು ಒಡೆಯಲಿಲ್ಲ, ಒಂದು. ನಲ್ಲಿಯಲ್ಲಿ ಎಂಟು ಗಂಟೆಯವರೆಗೂ ನೀರು ಬಂತು, ಎರಡು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಮೂರು. ಇಷ್ಟಾದರೆ ನಂಜುಂಡೇಶ್ವರನಿಗೆ ಕೈಮುಗಿದು ಅಡುಗೆಮನೆಗೆ ಹೋಗುತ್ತೇನೆ. ಒಂದು ದಿನ ಮಾತ್ರ ಎಣಿಸಲು ಹತ್ತು ಬೆರಳೂ ಸಾಲಲಿಲ್ಲ. ಆ ದಿನದ ವಿಷಯವನ್ನೇ ಈಗ ಬರೆಯಲು ಕೂತಿದ್ದೇನೆ.

ಮದುವೆಗೆ ಮುಂಚೆ, ತೊಂಬತ್ತರ ದಶಕದ ಮೊದಲಲ್ಲಿ, ನಂಜನಗೂಡಿನ ಒಂದು ಟೈಪಿಂಗ್ ಶಾಲೆಗೆ ಹೋಗಿ ಕನ್ನಡ ಜೂನಿಯರ್ ಪಾಸು ಮಾಡಿದ್ದೆ. ಆ ಸರ್ಟಿಫಿಕೇಟು ಹತ್ತು ಹನ್ನೆರಡು ವರ್ಷ ಬೀರುವಿನಲ್ಲಿ ಧಾರೆ ಸೀರೆಯ ಕೆಳಗೆ ಮಲಗಿತ್ತು. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾದಾಗ ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬಾಡಿಗೆ ಕಟ್ಟಡದಲ್ಲಿ, ಪಹಣಿ, ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಲ್ಲ ಒಂದೇ ಕಡೆ ಸಿಗುವ ಕಂಪ್ಯೂಟರ್ ಸೇವಾ ಕೇಂದ್ರ ತೆರೆದರು. ಕನ್ನಡ ಟೈಪಿಂಗ್ ಬರುವ ಹೆಂಗಸರು ಬೇಕು ಎಂದು ನಮ್ಮ ಯಜಮಾನರು ಎಲ್ಲಿಂದಲೋ ಕೇಳಿಕೊಂಡು ಬಂದರು. ಅರ್ಜಿ ಹಾಕಿದೆ, ಕರೆದರು. ಬೆಳಿಗ್ಗೆ ಪೂಜೆ, ತಿಂಡಿ, ಡಬ್ಬಿ ಮುಗಿಸಿ ನಂಜನಗೂಡಿನಿಂದ ಬಸ್ಸು ಹತ್ತಿದರೆ ಹತ್ತು ಗಂಟೆಗೆ ಸರಿಯಾಗಿ ನನ್ನ ಕುರ್ಚಿಯಲ್ಲಿರುತ್ತಿದ್ದೆ.

ಮೊದಲ ಆರು ತಿಂಗಳು ಬರೀ ಟೈಪು. ಆಮೇಲೆ ಒಂದು ದಿನ ಕೇಂದ್ರಕ್ಕೆ ಹೊಸ ಯಂತ್ರ ಬಂತು. ನೋಡಲು ದೊಡ್ಡ ಗೋದ್ರೇಜ್ ಬೀರುವಿನ ಅರ್ಧದಷ್ಟು. ಮೇಲೆ ಒಂದು ಪರದೆ, ಪಕ್ಕದಲ್ಲಿ ಸ್ಪೀಕರು, ಕೆಳಗೆ ಟೆಲಿಫೋನಿನಲ್ಲಿ ಇರುವ ಹಾಗೆ ಅಂಕಿಗಳ ಪಟ್ಟಿ. ಕಣ್ಣು ಕಾಣದವರು, ಓದು ಬಾರದವರು ತಾವೇ ಬಂದು ತಮ್ಮ ಕಾಗದವನ್ನು ಕಿವಿಯಲ್ಲಿ ಕೇಳಿಸಿಕೊಂಡು ತೆಗೆದುಕೊಳ್ಳಬೇಕು, ಅದು ಯಂತ್ರದ ಉದ್ದೇಶ. ಅದರ ಜೊತೆ ಮೈಸೂರಿನಿಂದ ಒಬ್ಬಳು ಇಂಜಿನಿಯರ್ ಹೆಣ್ಣುಮಗಳು ಬಂದಳು. ನಮ್ಮ ಸೂಪರ್‌ವೈಸರ್ ನನ್ನ ಕಡೆ ಕೈ ತೋರಿಸಿ, ‘ಈಯಮ್ಮನ ಮನೇಲೇ ಕಣ್ಣು ಕಾಣದ ಒಬ್ಬರಿದ್ದಾರೆ, ಇವರನ್ನೇ ಹಾಕ್ಕೊಳ್ಳಿ’ ಎಂದರು. ಹದಿನೈದು ದಿನ ಮೈಸೂರಿನಲ್ಲಿ ತರಬೇತಿಯಾಯಿತು. ಹೊಸ ಆರ್ಡರಿನಲ್ಲಿ ನನ್ನ ಹುದ್ದೆಯ ಹೆಸರು ಇಂಗ್ಲಿಷಿನಲ್ಲಿ ಎಷ್ಟುದ್ದ ಇತ್ತೆಂದರೆ ನಮ್ಮ ಯಜಮಾನರು ಎರಡು ಸಲ ಓದಿ, ಕನ್ನಡಕ ಒರೆಸಿ, ಮೂರನೇ ಸಲ ಓದಿದರು.

‘ಏನಂತೆ ನನ್ನ ಕೆಲಸ?’ ಎಂದೆ.

‘ಯಾರಿಗೆ ಬಾಗ್ಲು ಮುಚ್ಚಿದೆಯೋ ಅವರಿಗೆ ಬಾಗ್ಲು ತೆಗೆಯೋ ಕೆಲ್ಸ ಅಂತಿರಬೇಕು.’

‘ಜವಾನಂದು ಅನ್ನಿ!’

‘ಜವಾನನಿಗೆ ಇಷ್ಟು ಉದ್ದ ಹೆಸರು ಕೊಡಲ್ಲ ಕಣೆ,’ ಎಂದು ನಕ್ಕರು.

ನಮ್ಮ ಮನೆಯಲ್ಲಿದ್ದ ಆ ಕಣ್ಣು ಕಾಣದವಳು ನನ್ನ ನಾದಿನಿ, ಯಜಮಾನರ ತಂಗಿ. ಐದು ವರ್ಷದವಳಿದ್ದಾಗ ದಡಾರ ಬಂದು ಎರಡು ಕಣ್ಣೂ ಹೋದವು. ನಾನು ಮದುವೆಯಾಗಿ ಬಂದಾಗ ಅಡುಗೆಮನೆಯಲ್ಲಿ ನನಗೆ ದಾರಿ ತೋರಿಸಿದವಳು ಅವಳೇ. ನಮ್ಮ ಒಗ್ಗರಣೆ ಡಬ್ಬಿಯೊಳಗೆ ಏಳು ಬಟ್ಟಲು. ನಡುವಿನದರಲ್ಲಿ ಮೆಂತ್ಯ, ಸುತ್ತ ಸಾಸಿವೆ, ಜೀರಿಗೆ, ಉದ್ದಿನಬೇಳೆ, ಕಡಲೆಬೇಳೆ, ಮೆಣಸು, ಅರಿಶಿನ. ಯಾವುದೂ ಜಾಗ ಬಿಟ್ಟು ಕದಲುವಂತಿಲ್ಲ. ಒಮ್ಮೆ ನಾನು ತೊಳೆದಿಟ್ಟು ಬಟ್ಟಲು ಅದಲುಬದಲು ಮಾಡಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದಳು.

ಮಾವನವರು ತೀರಿಹೋಗುವ ಮುಂಚೆ ಮುಡುಕುತೊರೆಯ ಹತ್ತಿರದ ನಮ್ಮ ಹೊಲದಲ್ಲಿ ಒಂದು ತುಂಡನ್ನು ಅವಳ ಹೆಸರಿಗೆ ಬರೆದುಕೊಟ್ಟಿದ್ದರು. ಯಾರ ಮನೆಯಲ್ಲಿದ್ದರೂ ತನ್ನದು ಎನ್ನುವುದೊಂದು ಇರಲಿ ಎಂದು. ಪಹಣಿ ತಂದಾಗಲೆಲ್ಲ ಅವಳು ಅಣ್ಣನ ಮುಂದೆ ಕೂತು ಕೇಳುತ್ತಿದ್ದಳು, ‘ಅಣ್ಣ, ನನ್ನೆಸ್ರು ಅದಾ?’

‘ಅದೆ ಕಣವ್ವ.’

‘ಇನ್ನೊಂದು ಕಿತ ನೋಡು.’

‘ಅದೆ ಅಂದ್ನಲ್ಲ!’

ನಮ್ಮ ಯಜಮಾನರು ಸುಳ್ಳು ಹೇಳುವವರಲ್ಲ, ಅದು ಅವಳಿಗೂ ಗೊತ್ತು. ಒಂದು ದಿನ ಅವರೆಕಾಯಿ ಬಿಡಿಸುತ್ತಾ ನನಗೆ ಹೇಳಿದಳು: ‘ನಂಬ್ಕೆ ಇಲ್ಲ ಅಂತಲ್ಲ ಅತ್ಗೆ. ಎಲ್ರೂ ಅವರವರ ಎಸ್ರ ಅವರೇ ಓದ್ಕೊತಾರೆ. ನಾನು ಮಾತ್ರ ಇನ್ನೊಬ್ರ ಬಾಯಲ್ಲೇ ಕೇಳ್ಬೇಕು. ಒಂದು ಕಿತ ನಾನೇ ಓಗಿ ಕೇಳ್ಬೇಕು ಅಂತಾಸೆ.’

ಯಂತ್ರ ಬಂತೆಂದು ಹೇಳಿದ ದಿನ ಅವಳು ಕೈಯಲ್ಲಿದ್ದ ಲೋಟ ಕೆಳಗಿಡುವುದನ್ನೇ ಮರೆತಿದ್ದಳು.

ಯಂತ್ರ ಬಂದರೂ ಅದಕ್ಕೆ ಬಾಯಿ ಇರಲಿಲ್ಲ. ಇಂಗ್ಲಿಷಿನಲ್ಲಿ ಗಂಟಲು ಕಟ್ಟಿದವರ ಹಾಗೆ ನಾಲ್ಕು ಮಾತು ಆಡುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಆ ಇಂಜಿನಿಯರ್ ಹೆಣ್ಣುಮಗಳು ಒಂದು ಉಪಾಯ ಮಾಡಿದಳು. ಕಾಗುಣಿತ ಪೂರ್ತಿ ಒಬ್ಬರ ಧ್ವನಿಯಲ್ಲಿ ಒಂದೊಂದಾಗಿ ತುಂಬಿಸಿಕೊಂಡರೆ ಯಂತ್ರ ಅವನ್ನು ಜೋಡಿಸಿ ಯಾರ ಹೆಸರನ್ನಾದರೂ ಹೇಳುತ್ತದೆ. ಯಾರ ಧ್ವನಿ? ನನ್ನದೇ! ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಫ್ಯಾನು ನಿಲ್ಲಿಸಿ, ಮೈಕಿನ ಮುಂದೆ ಕೂರಿಸಿದರು. ಒಂದನೇ ಕ್ಲಾಸಿನ ಮಗುವಿನ ಹಾಗೆ ಕ ಕಾ ಕಿ ಕೀ ಎಂದು ಶುರುಮಾಡಿದೆ. ನಡುವೆ ಕಂಡಕ್ಟರು ಹೊರಗಿನಿಂದ ‘ಮೈಸೂರ್ ಮೈಸೂರ್ ಮೈಸೂರ್’ ಎಂದು ಕೂಗಿದರೆ ಮತ್ತೆ ಮೊದಲಿನಿಂದ. ಎಂಟು ದಿನ ಹಿಡಿಯಿತು. ದಿನಾ ಶುರು ಮಾಡುವ ಮುಂಚೆ ಮನಸ್ಸಿನಲ್ಲಿ ‘ಓಂ’ ಎಂದುಕೊಳ್ಳುತ್ತಿದ್ದೆ, ಮೈಕಿಗೆ ಕೇಳದ ಹಾಗೆ. ಒಂಬತ್ತನೇ ದಿನ ಯಂತ್ರ ನನ್ನ ಧ್ವನಿಯಲ್ಲಿ ‘ನ-ಮ-ಸ್ಕಾ-ರ’ ಎಂದಾಗ ನಾನು ಅದಕ್ಕೇ ತಿರುಗಿ ನಮಸ್ಕಾರ ಮಾಡಿಬಿಟ್ಟೆ. ಇಡೀ ಕೇಂದ್ರ ನಕ್ಕಿತು. ನಗಲಿ ಬಿಡಿ, ನನ್ನ ಸಂತೋಷ ನನಗೆ.

ಆದರೆ ಅದು ಪ್ರಯೋಗಕ್ಕೆ ಕೊಟ್ಟ ಯಂತ್ರ. ದಸರಾ ಕಳೆದ ಮೇಲೆ ಮೈಸೂರಿನಿಂದ ಸಾಹೇಬರು ಬರುತ್ತಾರೆ, ಕಣ್ಣು ಕಾಣದ ಒಬ್ಬರು ಅವರ ಎದುರಿಗೆ, ಯಾರೂ ಕೈ ಹಿಡಿಯದೆ, ತಮ್ಮ ಕಾಗದವನ್ನು ತಾವೇ ತೆಗೆಯಬೇಕು. ತೆಗೆದರೆ ಯಂತ್ರ ನರಸೀಪುರದಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಲಾರಿ ಹತ್ತುತ್ತದೆ ಎಂದು ಸೂಪರ್‌ವೈಸರ್ ಹೇಳಿದರು. ನಾನು ಒಂದು ಗಳಿಗೆಯೂ ಯೋಚಿಸದೆ ನಾದಿನಿಯ ಹೆಸರು ಕೊಟ್ಟೆ.

ಮೊದಲ ಸಲ ಅವಳನ್ನು ಕರೆದುಕೊಂಡು ಹೋದ ದಿನ ಜರಿ ಅಂಚಿನ ಸೀರೆ ಉಟ್ಟಿದ್ದಳು. ಕೆಲಸ ಕಷ್ಟದ್ದಲ್ಲ. ಯಂತ್ರ ಊರುಗಳ ಹೆಸರನ್ನು ಒಂದೊಂದಾಗಿ ಹೇಳುತ್ತದೆ, ನಮ್ಮ ಹೊಲವಿರುವ ಊರು ಬಂದಾಗ ಐದು ಒತ್ತಬೇಕು. ಆಮೇಲೆ ಹೊಲದ ಸರ್ವೆ ನಂಬರು, ಅವಳದ್ದು ನಲವತ್ತೇಳು. ಕೆಳಗಿನ ಎಡ ಮೂಲೆಯಲ್ಲಿರುವುದನ್ನು ಒತ್ತಿದರೆ ಓದುತ್ತದೆ, ಬಲ ಮೂಲೆಯದನ್ನು ಒತ್ತಿದರೆ ಅಚ್ಚಾಗಿ ಬರುತ್ತದೆ. ಅಷ್ಟೇ. ಆದರೆ ಧೂಳು ಹೋಗದಿರಲೆಂದು ಆ ಅಂಕಿಗಳ ಮೇಲೆಲ್ಲ ಒಂದೇ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಊಟದ ತಟ್ಟೆಯ ಹಾಗೆ ನುಣುಪು. ಅವಳ ಬೆರಳು ಆ ಕಡೆ ಹೋಯಿತು, ಈ ಕಡೆ ಬಂತು, ಎಲ್ಲಿಯೂ ಏನೂ ಸಿಗಲಿಲ್ಲ. ಅಂದಾಜಿನಲ್ಲಿ ಒತ್ತಿದಳು. ಯಂತ್ರ ಇನ್ಯಾವುದೋ ಊರಿನ, ಇನ್ಯಾರದೋ ಹೊಲ ಓದಿತು. ಮತ್ತೆ ಒತ್ತಿದಳು. ‘ತಪ್ಪು ಸಂಖ್ಯೆ’ ಎಂದಿತು, ಅದೂ ನನ್ನ ಧ್ವನಿಯಲ್ಲಿ. ನಾನೇ ಅವಳನ್ನು ನಾಲ್ಕು ಜನರ ಮುಂದೆ ಗದರಿದ ಹಾಗಾಯಿತು.

ಸಾಲಿನಲ್ಲಿದ್ದ ಒಬ್ಬ ಯಜಮಾನ, ‘ಕಣ್ಣು ಕಾಣ್ದೋರ್ಗೆ ಟೀವಿ ತಂದು ಮಡಗವ್ರೆ ಕಣ್ಲಾ!’ ಎಂದ. ಎಲ್ಲರೂ ನಕ್ಕರು.

ವಾಪಸ್ಸು ಬರುವಾಗ ಬಸ್ಸು ನಂಜನಗೂಡಿನ ಹತ್ತಿರ ಬಂದಾಗ, ಕಪಿಲೆಯ ತಂಪು ಗಾಳಿ ಕಿಟಕಿಯಲ್ಲಿ ಬಂದ ಮೇಲೆ, ‘ಬ್ಯಾಡ ಬುಡಿ ಅತ್ಗೆ. ಅಣ್ಣನೇ ಓದ್ಲಿ. ನಾನಿನ್ನು ಅಲ್ಲಿಗೆ ಬರಾಕಿಲ್ಲ,’ ಎಂದಳು. ಆ ದಿನ ದೀಪದ ಮುಂದೆ ಎಣಿಸಲು ಹೋದರೆ ಒಂದೂ ನೆನಪಾಗಲಿಲ್ಲ.

ಇಂಜಿನಿಯರ್ ಹೆಣ್ಣುಮಗಳಿಗೂ ಬೇಸರವಾಗಿತ್ತು. ಹಾಳೆ ಕಿತ್ತರೆ ಕೆಳಗೆ ಧೂಳು ಇಳಿದು ಕೆಟ್ಟುಹೋಗುತ್ತದೆ, ಉಬ್ಬು ಅಂಕಿಯ ಪಟ್ಟಿ ತರಿಸಲು ಮೂರು ತಿಂಗಳಾದರೂ ಬೇಕು ಎಂದಳು. ನಮಗೆ ಇದ್ದದ್ದು ಮೂರು ವಾರ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕೇಂದ್ರದಲ್ಲಿ ಪೂಜೆಯ ಕೆಲಸ ನನ್ನದೇ. ಕಂಪ್ಯೂಟರು, ಪ್ರಿಂಟರು, ಸ್ಟೇಪ್ಲರು ಯಾವುದನ್ನೂ ಬಿಡಲಿಲ್ಲ. ಮಾತಾಡುವ ಯಂತ್ರದ ಹತ್ತಿರ ಬಂದಾಗ ಮನಸ್ಸು ತುಂಬಿ ಬಂತು. ಗಂಧ ಗಟ್ಟಿಯಾಗಿ ಕಲಸಿಕೊಂಡು, ಪೆಟ್ಟಿಗೆಗೋ ಒಲೆಗೋ ಇಡುವ ಹಾಗೆ, ಅಂಕಿಗಳ ಪಟ್ಟಿಯ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ದಪ್ಪ ಬೊಟ್ಟು ಇಟ್ಟು ಅದರ ಮೇಲೆ ಕುಂಕುಮ ಒತ್ತಿದೆ. ಇಂಜಿನಿಯರ್ ಹೆಣ್ಣುಮಗಳು ಒಳಗಿನಿಂದ ಓಡಿಬಂದಳು.

‘ಅಯ್ಯೋ ಮೇಡಂ! ಇದು ಕಂಪ್ಯೂಟರು, ನಿಮ್ಮನೆ ಒಲೆಯಲ್ಲ!’

‘ಒಲೆ ಅನ್ನ ಕೊಡುತ್ತೆ, ಅದಕ್ಕೂ ಇಡ್ತೀನಿ. ಇದು ಮಾತು ಕೊಡುತ್ತೆ, ಇದಕ್ಕೂ ಇಡ್ತೀನಿ.’

‘ರಜೆ ಮುಗಿದ ತಕ್ಷಣ ನೀವೇ ಒರೆಸ್ಬೇಕು.’

‘ಒರೆಸ್ತೀನಮ್ಮ,’ ಎಂದೆ.

ರಜೆ ಮುಗಿದ ದಿನ ನಾದಿನಿಯನ್ನು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ದರ್ಶನಕ್ಕೆಂದು ಜೊತೆಯಲ್ಲಿ ಕರೆದುಕೊಂಡು ಹೊರಟೆ. ಕೇಂದ್ರಕ್ಕೆ ಬರಲ್ಲ ಎಂದಳು. ‘ಒಳಗೆ ಹತ್ತೇ ನಿಮಿಷ ಕೂತಿರು, ಒಂದು ಒರೆಸೋ ಕೆಲಸವಿದೆ, ಮುಗಿಸಿ ದೇವಸ್ಥಾನಕ್ಕೆ ಹೋಗೋಣ’ ಎಂದು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ ಒದ್ದೆ ಬಟ್ಟೆ ತರಲು ಹೋದೆ. ಬರುವಷ್ಟರಲ್ಲಿ ಅವಳ ಕೈ ಪಟ್ಟಿಯ ಮೇಲಿತ್ತು. ಮೂರು ದಿನ ಒಣಗಿದ ಗಂಧ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿತ್ತು.

‘ಅತ್ಗೆ, ಇದ್ಯಾರು ಬೊಟ್ಟಿಟ್ಟೋರು?’

‘ನಾನೇ. ತಡಿ, ಒರೆಸ್ತೀನಿ.’

‘ಒರಸ್ಬ್ಯಾಡಿ!’ ಅವಳು ಕೂಗಿದ್ದಕ್ಕೆ ನಾನು ಬಟ್ಟೆ ಕೆಳಗೆ ಹಾಕಿಬಿಟ್ಟೆ. ‘ಇದು ಮೇಗ್ಲ ಮೂಲೆ. ಇದೂ ಮೂಲೆ. ಇದು ನಡ. ನಡ ಅಂದ್ರೆ ಐದಲ್ವಾ? ಅದ್ರ ಎಡಕ್ಕೆ ನಾಕು. ಅದ್ರ ಕೆಳಗೆ ಏಳು. ಅಂಗಾದ್ರೆ ಓದೋದು ಈ ಮೂಲೆ... ಮಿಷಿನ್ ಹಚ್ಚಿ ಅತ್ಗೆ, ಬಿರ್ರನೆ!’

ನಾಲ್ಕು ಮೂಲೆಗೆ ಬೊಟ್ಟಿಡುವುದು ನನ್ನ ಅಜ್ಜಿ ಕಲಿಸಿದ್ದು, ಅಜ್ಜಿಗೆ ಅವರ ಅಜ್ಜಿ. ಅದರಿಂದ ಕೈಗೆ ದಾರಿ ಸಿಗುತ್ತದೆಂದು ನಮಗೆ ಯಾರಿಗೆ ಗೊತ್ತಿತ್ತು? ಯಂತ್ರ ಹಚ್ಚಿದೆ. ಊರು ಬಂತು, ಐದು ಒತ್ತಿದಳು. ನಾಲ್ಕು ಒತ್ತಿದಳು. ಏಳು ಒತ್ತುವಾಗ ಅಂಗೈ ತಗುಲಿ ನಡುವಿನ ಗಂಧ ಪುಡಿಪುಡಿಯಾಗಿ ಉದುರಿತು. ಯಂತ್ರ ‘ತಪ್ಪು ಸಂಖ್ಯೆ’ ಎಂದಿತು. ಈ ಸಲ ಅವಳು ಮುಖ ಸಣ್ಣದು ಮಾಡಲಿಲ್ಲ. ಬೆರಳಿಗೆ ಅಂಟಿದ ಗಂಧ ಮೂಸಿ ನೋಡಿ ನಕ್ಕಳು.

‘ಗಂಧ ನಿಲ್ಲಕಿಲ್ಲ. ಕಾಳು ನಿಲ್ತದೆ.’

ಅಂದು ದೇವಸ್ಥಾನದಲ್ಲಿ ಮೂರು ಸುತ್ತು ಹಾಕಬೇಕಾದಲ್ಲಿ ಐದು ಹಾಕಿದೆವು. ಮಾರನೆಯ ದಿನ ಒಗ್ಗರಣೆ ಡಬ್ಬಿಯನ್ನು ಮುಂದಿಟ್ಟುಕೊಂಡು ಅವಳೇ ಕಾಳು ಆರಿಸಿದಳು. ಮೇಲಿನ ಎರಡು ಮೂಲೆಗೆ ಸಾಸಿವೆ. ಓದುವ ಮೂಲೆಗೆ ಉದ್ದಿನಬೇಳೆ, ಅಚ್ಚಿನ ಮೂಲೆಗೆ ಕಡಲೆಬೇಳೆ, ಒಂದು ನುಣ್ಣಗೆ, ಒಂದು ದಪ್ಪ, ಬೆರಳಿಗೆ ಗೊತ್ತಾಗುತ್ತದೆ. ನಡುವೆ ಮೆಂತ್ಯ, ಡಬ್ಬಿಯಲ್ಲಿ ಇರುವ ಹಾಗೆಯೇ. ಇಂಜಿನಿಯರ್ ಹೆಣ್ಣುಮಗಳು ಈ ಸಲ ಬೈಯಲಿಲ್ಲ. ಅಂಟಿನ ಬಾಟಲಿ ಹಿಡಿದು ತಾನೇ ನಿಂತಳು. ಎರಡು ವಾರ ದಿನ ಬಿಟ್ಟು ದಿನ ನಾದಿನಿ ನನ್ನ ಜೊತೆ ಬಂದು ಊರು, ಐದು, ನಾಲ್ಕು, ಏಳು ಎಂದು ಅಭ್ಯಾಸ ಮಾಡಿದಳು. ತನ್ನ ಪಹಣಿಯನ್ನು ಓದಿಸುವ ಮೂಲೆಯನ್ನು ಮಾತ್ರ ಒತ್ತಲಿಲ್ಲ. ಯಾಕೆ ಎಂದರೆ, ‘ಅದ್ನ ಆವತ್ತೇ ಕೇಳೋದು’ ಎನ್ನುತ್ತಿದ್ದಳು. ಮದುವೆಗೆ ಮುಂಚೆ ಗಂಡಿನ ಮುಖ ನೋಡಬಾರದು ಎನ್ನುವ ಹಾಗೆ!

ಸಾಹೇಬರು ಬರುವ ದಿನ ಬೆಳಿಗ್ಗೆ ನಾದಿನಿಯನ್ನು ಬಾಗಿಲ ಹೊರಗೆ ಕೂರಿಸಿ, ಬೀಗ ತೆಗೆದು ಒಳಗೆ ಹೋಗಿ ಮೊದಲು ಪಟ್ಟಿಯನ್ನು ನೋಡಿದೆ. ನಮ್ಮ ಕಟ್ಟಡದ ಪಕ್ಕದ್ದು ದಿನಸಿ ಅಂಗಡಿಯ ಗೋಡೌನು. ಅಲ್ಲಿಯ ಇಲಿಗಳಿಗೆ ನಮ್ಮ ಯಂತ್ರದ ಮೇಲೆ ಬೇಳೆ ಬಡಿಸಿದೆ ಎಂದು ಹೇಗೋ ಗೊತ್ತಾಗಿಬಿಟ್ಟಿತ್ತು. ಉದ್ದಿನಬೇಳೆ ಇಲ್ಲ. ಕಡಲೆಬೇಳೆ ಇಲ್ಲ. ಅಂಟನ್ನೂ ಕೆರೆದು ತಿಂದಿದ್ದವು. ಸಾಸಿವೆ ಎರಡೂ ಉದುರಿ ಎಲ್ಲಿಗೋ ಹೋಗಿದ್ದವು. ನಡುವಿನ ಮೆಂತ್ಯವೊಂದು ಕೂತಿತ್ತು. ಇಲಿಗೂ ಕಹಿ ಬೇಡವಾಗಿತ್ತು.

ಪಟ್ಟಿ ಸರಿಮಾಡಿಕೊಳ್ಳಲು ಇನ್ನೊಂದು ದಿನ ಕೇಳಿಕೊಳ್ಳೋಣ ಎಂದು ಸೂಪರ್‌ವೈಸರ್ ಫೋನು ತೆಗೆಯುವಷ್ಟರಲ್ಲಿ ಜೀಪು ಬಂದೇಬಿಟ್ಟಿತು. ಸಾಹೇಬರು, ಅವರ ಹಿಂದೆ ಇನ್ನಿಬ್ಬರು. ಪಕ್ಕದ ಗೋಡೌನಿನಿಂದ ಕಾಳು ತಂದರೂ ಅಂಟು ಒಣಗಬೇಕಲ್ಲ. ನಾನು ನಾದಿನಿಯ ಕಿವಿಯಲ್ಲಿ ನಡೆದದ್ದನ್ನು ಹೇಳಿ, ‘ನಾನು ಹಿಂದೆ ನಿಂತು ಸೀರೆ ಸೆರಗಿನ ಮರೆಯಲ್ಲಿ ನಿನ್ನ ಕೈ ಹಿಡ್ಕೋತೀನಿ’ ಎಂದೆ. ದೇವರು ಕ್ಷಮಿಸಲಿ, ಹಾಗೆ ಹೇಳಿದ್ದು ನಿಜ.

‘ಮೆಂತ್ಯ ಅದಾ?’ ಎಂದು ಕೇಳಿದಳು.

‘ಅದೊಂದೇ ಇರೋದು.’

‘ಡಬ್ಬೀಲಿ ಮೆಂತ್ಯ ಸಿಕ್ಕುದ್ರೆ ಮಿಕ್ಕಿದ್ದು ಎಲ್ಲಿ ಓಗ್ತದೆ? ಕೈ ಬುಡಿ ಅತ್ಗೆ.’

ಅವಳು ಯಂತ್ರದ ಮುಂದೆ ನಿಂತಳು. ಸಾಹೇಬರು ಕೈಕಟ್ಟಿ ಪಕ್ಕದಲ್ಲಿ ನಿಂತರು. ಸಾಲಿನಲ್ಲಿ ಹದಿನೈದು ಇಪ್ಪತ್ತು ಜನರಿದ್ದರು, ಅಂದು ಟೀವಿ ಎಂದು ನಕ್ಕಿದ್ದ ಯಜಮಾನನೂ ಇದ್ದ. ಯಂತ್ರ ನನ್ನ ಧ್ವನಿಯಲ್ಲಿ ಊರುಗಳನ್ನು ಹೇಳುತ್ತಾ ಹೋಯಿತು. ನಮ್ಮ ಊರು ಬಂತು. ಅವಳ ತೋರುಬೆರಳು ಹಾಳೆಯ ಮೇಲೆ ಮೆಲ್ಲಗೆ ಸುತ್ತಿ ಮೆಂತ್ಯದ ಮೇಲೆ ನಿಂತಿತು, ಒತ್ತಿತು. ಅಲ್ಲಿಂದ ಒಂದು ಬೆರಳಗಲ ಎಡಕ್ಕೆ, ನಾಲ್ಕು. ಒಂದು ಬೆರಳಗಲ ಕೆಳಕ್ಕೆ, ಏಳು. ಇನ್ನೊಂದು ಬೆರಳಗಲ ಕೆಳಕ್ಕೆ ಬಂದು ಅಲ್ಲಿ ತಡೆದಳು. ಜಾಗ ತಪ್ಪಿತೇನೋ ಎಂದುಕೊಂಡೆ. ಆಮೇಲೆ ತಿಳಿಯಿತು, ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಒತ್ತಿದಳು.

‘ಸರ್ವೆ ನಂಬರ್ ನ-ಲ-ವ-ತ್ತೇ-ಳು’ ಎಂದಿತು ಯಂತ್ರ. ಆಮೇಲೆ ‘ಖಾತೆದಾರರ ಹೆಸರು’ ಎಂದಿತು. ಆಮೇಲೆ ಅವಳ ಹೆಸರನ್ನು, ಅದರ ಮುಂದೆ ಅವಳ ತಂದೆಯ ಹೆಸರನ್ನು, ಒಂದೊಂದು ಅಕ್ಷರವಾಗಿ, ಬಿಡಿಬಿಡಿಯಾಗಿ, ಪೂರ್ತಿ ಹೇಳಿತು. ಕಂಬಳಿ ಹೊದಿಸಿದ ಕೋಣೆಯಲ್ಲಿ ಕೂತು ನಾನು ಹೇಳಿದ್ದ ಅಕ್ಷರಗಳೇ. ಹೇಳುವಾಗ ಅವು ಯಾರ ಹೆಸರಾಗುತ್ತವೆ ಎಂದು ಯೋಚಿಸಿರಲಿಲ್ಲ.

ಅವಳು ಬಲಕ್ಕೆ ಎರಡು ಬೆರಳಗಲ ಸರಿದು ಅಚ್ಚಿನ ಮೂಲೆ ಒತ್ತಿದಳು. ಬಿಸಿ ಕಾಗದ ಹೊರಗೆ ಬಂತು. ತಾನೇ ಎಳೆದುಕೊಂಡು ಎದೆಗೆ ಹಿಡಿದಳು.

ಸಾಹೇಬರು ಬಗ್ಗಿ ಪಟ್ಟಿಯನ್ನು ನೋಡಿ, ‘ಇದೇನ್ರೀ ಇದು, ಮೆಂತ್ಯ?’ ಎಂದರು. ಸೂಪರ್‌ವೈಸರ್ ಬೆವರು ಒರೆಸಿಕೊಂಡರು. ನಾನೇ ಮುಂದೆ ಬಂದು ಗಂಧ, ಕಾಳು, ಇಲಿ ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. ಹೊರಗೆ ಹೋಗಿ, ಬಾಗಿಲ ಪಕ್ಕದ ಕಾಯಿನ್ ಬಾಕ್ಸ್ ಫೋನಿನ ಐದರ ಮೇಲೆ ಬೆರಳಿಟ್ಟು, ‘ಇಲ್ಲಿ ಮುಟ್ಟಿ ನೋಡಿ’ ಎಂದರು. ಮುಟ್ಟಿದೆ. ಅಲ್ಲೊಂದು ಸಣ್ಣ ಚುಕ್ಕೆ! ಫೋನು ಮಾಡಿದವರು ಮೊದಲೇ ಇಟ್ಟಿದ್ದರು, ನಾನು ಇಷ್ಟು ದಿನ ಅದರಲ್ಲಿ ಮಾತಾಡಿಯೂ ನೋಡಿರಲಿಲ್ಲ. ಸಾಲಿನಲ್ಲಿದ್ದವರೂ ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ‘ಊಂ ಕಣ್ಲಾ, ಗಂಟದೆ’ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಸಾಹೇಬರು ಇಂಜಿನಿಯರ್ ಹೆಣ್ಣುಮಗಳ ಕಡೆ ತಿರುಗಿ, ‘ಉಬ್ಬು ಪಟ್ಟಿ ತರಿಸಿ. ಬರೋವರೆಗೂ ಮೆಂತ್ಯವೇ ಇರಲಿ. ಯಂತ್ರ ಇಲ್ಲೇ ಇರುತ್ತೆ’ ಎಂದರು. ನಾನು ಕೈಮುಗಿದೆ. ಅವರಿಗೋ, ದೇವರಿಗೋ, ಆ ಇಲಿಗಳಿಗೋ, ನನಗೇ ತಿಳಿಯಲಿಲ್ಲ.

ನಾವೆಲ್ಲ ಫೋನಿನ ಹತ್ತಿರ ಗುಂಪಾಗಿದ್ದಾಗ ಒಳಗಿನಿಂದ ನನ್ನದೇ ಧ್ವನಿ ಕೇಳಿಸಿತು. ಓಡಿಹೋಗಿ ನೋಡಿದರೆ ನಾದಿನಿ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಐದು, ನಾಲ್ಕು, ಏಳು ಒತ್ತಿ ತನ್ನ ಹೆಸರು ಕೇಳುತ್ತಿದ್ದಳು. ಮುಗಿದ ಮೇಲೆ ಮತ್ತೊಮ್ಮೆ. ಸಾಲಿನವರು ಒಳಗೆ ಬಂದರು. ಅಂದಿನ ಆ ಯಜಮಾನ ಸ್ವಲ್ಪ ಹೊತ್ತು ನಿಂತು ನೋಡಿ, ‘ಎಷ್ಟೊತ್ತವ್ವಾ? ನಮ್ಗೂ ಬಸ್ಸದೆ,’ ಎಂದ.

ಅವಳು ತಿರುಗಲೂ ಇಲ್ಲ. ‘ತಡೀರಿ ಸಾ. ನಂದು ಓದ್ತಾ ಇವ್ನಿ,’ ಎಂದಳು.